ಕಾದ ಶೆಡ್ಡಿನಲ್ಲಿ ಇಳಿಯುವ ಪ್ರೊಡಕ್ಷನ್

ಬೆಂಗಳೂರಿನ ಸುತ್ತಮುತ್ತಲ ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳು ಹಳೆಯ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ದೀಪ ಹಾಕಿಸಿದ್ದು ವಿದ್ಯುತ್ ಉಳಿಸಲು. ವಿದ್ಯುತ್ ಉಳಿಯಿತು. ಜೊತೆಗೆ, ಸೆಕೆಯ ದಿನಗಳಲ್ಲಿ ಬ್ಯಾಚುಗಳಿಂದ, ಅಂದರೆ ಹೊಲಿಗೆಯ ಸಾಲುಗಳಿಂದ, ಹೊರಬರುವ ಪೀಸುಗಳೂ ಹೆಚ್ಚಾದವು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಒಂದೊಂದು ಬ್ಯಾಚಿನ ದಿನದಿನದ ಉತ್ಪಾದನೆಯನ್ನು ಆಯಾ ದಿನದ ಹವಾಮಾನದ ಜೊತೆಗಿಟ್ಟು ನೋಡಿದಾಗ ಇದು ಬೆಳಕಿಗೆ ಬಂತು. ದೀಪಗಳು ಎಲ್ಲ ಕಾರ್ಖಾನೆಗಳಿಗೂ ಒಂದೇ ಸಲ ಬಂದಿರಲಿಲ್ಲ. ಹಾಗಾಗಿ ಒಂದೇ ಬಿಸಿಲಿನ ದಿನ ಹಳೆ ದೀಪದ ಶೆಡ್ಡಿನಲ್ಲಿ ಎಷ್ಟು ಕೆಲಸವಾಯಿತು, ಹೊಸ ದೀಪದ ಶೆಡ್ಡಿನಲ್ಲಿ ಎಷ್ಟಾಯಿತು ಎಂದು ಹೋಲಿಸಲು ದಾರಿಯಿತ್ತು. ಸರಾಸರಿ ಒಂದು ಕಾರ್ಖಾನೆಗೆ ವಿದ್ಯುತ್ತಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್. ಉತ್ಪಾದನೆ ಹೆಚ್ಚಿದ್ದರಿಂದ ಬಂದದ್ದು ಸುಮಾರು 7,500 ಡಾಲರ್. ದೀಪಕ್ಕೆ ಹಾಕಿದ ಹಣ ಮರಳಿ ಬರಲು ಬೇಕಾದ ಕಾಲ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು.

ದೀಪಕ್ಕೂ ಹೊಲಿಗೆಗೂ ನಡುವೆ ಇರುವುದು ಶಾಖ. ಕೋಣೆಯೊಳಗೆ ಉರಿಯುವ ದೀಪ ಎಷ್ಟು ವಿದ್ಯುತ್ ಹೀರುತ್ತದೋ ಅದೆಲ್ಲ ಕೊನೆಗೆ ಶಾಖವಾಗಿ ಅಲ್ಲೇ ಉಳಿಯುತ್ತದೆ. ಬೆಳಕು ಕೂಡ ಗೋಡೆಗೆ, ಬಟ್ಟೆಗೆ ತಾಗಿ ಶಾಖವೇ ಆಗುತ್ತದೆ. ಅಷ್ಟೇ ಬೆಳಕನ್ನು ಕಡಿಮೆ ವಿದ್ಯುತ್ತಿನಲ್ಲಿ ಕೊಡುವ ಎಲ್‌ಇಡಿ ಶೆಡ್ಡನ್ನು ಅಷ್ಟರಮಟ್ಟಿಗೆ ಕಡಿಮೆ ಕಾಯಿಸುತ್ತದೆ. ನೂರಾರು ಯಂತ್ರಗಳು ಸಾಲಾಗಿ ನಿಂತು, ಒಂದೊಂದರ ಮೇಲೂ ದೀಪ ಉರಿಯುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ.

ಕೆಲಸಗಾರರ ದೇಹವೂ ಶಾಖ ಹೊರಬಿಡುತ್ತಲೇ ಇರುತ್ತದೆ. ಸುಮ್ಮನೆ ಕೂತ ಮನುಷ್ಯನಿಂದ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಕೈಕಾಲು ಆಡಿದರೆ ಇನ್ನೂ ಹೆಚ್ಚು. ಸ್ನಾಯು ಬಳಸುವ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಹೆಚ್ಚೆಂದರೆ ನಾಲ್ಕನೇ ಒಂದು ಪಾಲು, ಉಳಿದದ್ದೆಲ್ಲ ಶಾಖ. ಒಳಗಿನ ಉಷ್ಣಾಂಶ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕಾದರೆ ಈ ಶಾಖ ಹೊರಗೆ ಹೋಗಲೇಬೇಕು. ಅದಕ್ಕೆ ಹೃದಯ ಜೋರಾಗಿ ಬಡಿದು ರಕ್ತವನ್ನು ಚರ್ಮದ ಕಡೆಗೆ ತಳ್ಳುತ್ತದೆ, ಬೆವರು ಹರಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಆದರೆ ಆವಿಯಾದರೆ ಮಾತ್ರ. ಮಳೆಗಾಲದ ತೇವದ ಗಾಳಿಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗದ ಹಾಗೆ, ಸ್ಟೀಮ್ ಐರನ್ನಿನ ಹಬೆ ತುಂಬಿದ ಶೆಡ್ಡಿನಲ್ಲಿ ಬೆವರು ಸುರಿಯುತ್ತದೆಯೇ ಹೊರತು ಮೈ ತಂಪಾಗುವುದಿಲ್ಲ. ಆಗ ದೇಹಕ್ಕೆ ಉಳಿಯುವ ದಾರಿ ಒಂದೇ: ಕೆಲಸದ ವೇಗ ತಗ್ಗಿಸಿ ಒಳಗೆ ಹುಟ್ಟುವ ಶಾಖವನ್ನೇ ಕಡಿಮೆ ಮಾಡುವುದು. ಕಾಲರ್ ಹೊಲಿಯುವ ಹೆಂಗಸಿನ ಕೈ ಮಧ್ಯಾಹ್ನ ನಿಧಾನವಾದರೆ ಸೂಪರ್‌ವೈಸರ್ ಕಣ್ಣಿಗೆ ಅದು ಮೈಗಳ್ಳತನ. ವಾಸ್ತವದಲ್ಲಿ ಅದು ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ, ಮತ್ತು ಬೈಗುಳದಿಂದ ಬದಲಾಗುವಂಥದ್ದಲ್ಲ.

ಬೈಗುಳದ ಹಿಂದೆ ಇರುವುದು ಟಾರ್ಗೆಟ್. ಅದು ನಿಗದಿಯಾಗುವುದು ಒಂದೊಂದು ಹೊಲಿಗೆಗೆ ಇಷ್ಟು ನಿಮಿಷ ಎಂಬ ಲೆಕ್ಕದಿಂದ. ಅದರಲ್ಲಿ ಆಯಾಸಕ್ಕೆಂದು ಒಂದಿಷ್ಟು ಸಮಯ ಸೇರಿಸುವುದೂ ಉಂಟು. ಆದರೆ ಆ ನಿಮಿಷಗಳು ಡಿಸೆಂಬರಿನಲ್ಲೂ ಅವೇ, ಏಪ್ರಿಲ್‌ನಲ್ಲೂ ಅವೇ. ನನಗೆ ಇದು ಇಡೀ ಪದ್ಧತಿಯ ಅತಿ ದೊಡ್ಡ ತಪ್ಪು ಎನಿಸುತ್ತದೆ.

ಇದು ಗಾರ್ಮೆಂಟ್ಸಿಗೆ ಮಾತ್ರ ಸೇರಿದ ಮಾತಲ್ಲ. ಭಾರತದ ಕಾರ್ಖಾನೆಗಳ ಅಂಕಿಅಂಶ ಹಿಡಿದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವರ್ಷದ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಕಾರ್ಖಾನೆಯ ಉತ್ಪಾದನೆ ಸುಮಾರು ಶೇ. 2ರಷ್ಟು ಕುಸಿಯುತ್ತದೆ, ಬಿಸಿಯ ದಿನಗಳಲ್ಲಿ ರಜೆ ಹಾಕುವವರೂ ಹೆಚ್ಚುತ್ತಾರೆ. 2030ರ ಹೊತ್ತಿಗೆ ಭಾರತ ಶಾಖದ ಕಾರಣಕ್ಕೆ ಶೇ. 5.8ರಷ್ಟು ದುಡಿಮೆಯ ಗಂಟೆಗಳನ್ನು ಕಳೆದುಕೊಳ್ಳಲಿದೆ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ ಅಂದಾಜು ಮಾಡಿತ್ತು.

ಪ್ರೊಡಕ್ಷನ್ ಇಳಿದಾಗ ಮಾಲೀಕರಿಗೆ ಮೊದಲು ಹೊಳೆಯುವ ಪರಿಹಾರ ಹೆಚ್ಚು ಹೊತ್ತು ದುಡಿಸುವುದು. ಕರ್ನಾಟಕ 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಯವರೆಗೂ ಚಾಚಲು ಅವಕಾಶ ಕೊಟ್ಟಿತು. ಗಂಟೆ ಹೆಚ್ಚಿಸಿದರೆ ಏನಾಗುತ್ತದೆ ಎಂಬುದಕ್ಕೆ ನೂರು ವರ್ಷಕ್ಕೂ ಹಳೆಯ ಪುರಾವೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರ, ಬಹುಪಾಲು ಹೆಂಗಸರ, ವಾರದ ಗಂಟೆಗಳನ್ನೂ ಉತ್ಪಾದನೆಯನ್ನೂ ಎಚ್. ಎಂ. ವೆರ್ನನ್ ಮತ್ತವರ ಸಂಗಡಿಗರು ಎಚ್ಚರದಿಂದ ಬರೆದಿಟ್ಟಿದ್ದರು. ಸ್ಟ್ಯಾನ್‌ಫರ್ಡಿನ ಜಾನ್ ಪೆಂಕಾವೆಲ್ ಅದನ್ನು ಹೊಸ ವಿಧಾನದಿಂದ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ಗಂಟೆ ಏರಿದಷ್ಟೂ ಉತ್ಪಾದನೆ ಏರುತ್ತದೆ. ಅಲ್ಲಿಂದ ಮುಂದೆ ಏರಿಕೆ ಕುಗ್ಗುತ್ತಾ ಹೋಗುತ್ತದೆ. 70 ಗಂಟೆ ದುಡಿದವರು ಮಾಡಿದ್ದಕ್ಕೂ 56 ಗಂಟೆ ದುಡಿದವರು ಮಾಡಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಭಾನುವಾರದ ರಜೆ ಕಸಿದುಕೊಂಡ ವಾರಗಳಲ್ಲಂತೂ ನಷ್ಟವೇ ಆಗಿತ್ತು. ಅದು ಇಂಗ್ಲೆಂಡಿನ ತಂಪು ಹವೆಯ ಲೆಕ್ಕ ಎಂಬುದನ್ನು ನಾವು ಮರೆಯಬಾರದು.

ನಿದ್ರೆಯ ಬಗ್ಗೆ ಚೆನ್ನೈನಲ್ಲಿ ನಡೆದ ಒಂದು ಪ್ರಯೋಗ ಇನ್ನೂ ಕುತೂಹಲಕರ. ಡೇಟಾ ಎಂಟ್ರಿ ಕೆಲಸದ 452 ಮಂದಿಯಲ್ಲಿ ಕೆಲವರಿಗೆ ರಾತ್ರಿ ಹೆಚ್ಚು ಮಲಗಲು ಸಲಕರಣೆ, ಸಲಹೆ, ಪ್ರೋತ್ಸಾಹ ಎಲ್ಲ ಕೊಟ್ಟರು. ಸರಾಸರಿ 27 ನಿಮಿಷ ನಿದ್ರೆ ಹೆಚ್ಚಿತು, ಕೆಲಸದಲ್ಲಿ ಮಾತ್ರ ಸುಧಾರಣೆ ಕಾಣಲಿಲ್ಲ. ಸೊಳ್ಳೆ, ಸೆಕೆ, ಸದ್ದುಗಳ ನಡುವೆ ಮತ್ತೆ ಮತ್ತೆ ಎಚ್ಚರವಾಗುವ ನಿದ್ರೆ ಅದು. ಇನ್ನು ಕೆಲವರಿಗೆ ಕಚೇರಿಯಲ್ಲೇ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಟ್ಟಾಗ ಕೆಲಸದ ಚುರುಕು, ಗಮನ, ಮನಸ್ಸಿನ ನೆಮ್ಮದಿ ಮೂರೂ ಹೆಚ್ಚಿದವು. ಮಲಗಿದ ಹೊತ್ತು ಕೆಲಸದ ಅವಧಿಯಿಂದ ಕಳೆಯಿತೆನ್ನುವುದು ನಿಜ. ಆದರೂ ನೆಮ್ಮದಿಯ ವಿಶ್ರಾಂತಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಇದು ತೋರಿಸುತ್ತದೆ.

ಹಾಗಾದರೆ ಕಾರ್ಖಾನೆಯವರು ಏನು ಮಾಡಬೇಕು? ಶೀಟಿನ ಚಾವಣಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ, ಬಿಸಿಗಾಳಿಯನ್ನು ಹೊರಗೆಳೆಯುವ ಫ್ಯಾನು, ಐರನ್ ವಿಭಾಗಕ್ಕೆ ಪ್ರತ್ಯೇಕ ಜಾಗ: ಇವೆಲ್ಲ ಗೊತ್ತಿರುವ ಉಪಾಯಗಳೇ. ಕುಡಿಯುವ ನೀರಿನ ವಿಷಯ ಅಷ್ಟು ಸರಳವಲ್ಲ. 250ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಬೇಸಿಗೆಯಲ್ಲಿ ತಣ್ಣೀರು ಒದಗಿಸಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಆದರೆ ಶೌಚಾಲಯಕ್ಕೆ ಎದ್ದು ಹೋದರೆ ಗದರುವ ಕಡೆ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ನೀರಿಲ್ಲದ ದೇಹಕ್ಕೆ ಬೆವರಲು ಶಕ್ತಿಯಿಲ್ಲ, ತಲೆ ಮಂಕಾಗುತ್ತದೆ, ಹೊಲಿಗೆ ತಪ್ಪುತ್ತದೆ, ಪೀಸು ಆಲ್ಟರೇಷನ್ನಿಗೆ ಮರಳುತ್ತದೆ. ಎದ್ದು ಹೋಗಿ ಬರುವ ಐದು ನಿಮಿಷ ಉಳಿಸಲು ಹೋಗಿ ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಸೂಪರ್‌ವೈಸರ್ ಹೇಗಿದ್ದಾರೆ ಎಂಬುದೂ ಮುಖ್ಯ. ಗಾಳಿಯಲ್ಲಿ ಸೂಕ್ಷ್ಮ ಧೂಳಿನ ಕಣ ಹೆಚ್ಚಿದಾಗ ಉತ್ಪಾದನೆ ಇಳಿಯುವುದನ್ನು ಎಲ್‌ಇಡಿ ಅಧ್ಯಯನದ ಅದೇ ಮೂವರು ಸಂಶೋಧಕರು ಗಾರ್ಮೆಂಟ್ಸ್ ಕಾರ್ಖಾನೆಯಲ್ಲೇ ಗುರುತಿಸಿದರು. ಕೆಲಸಗಾರರನ್ನು ಗಮನವಿಟ್ಟು ನೋಡುವ ಸೂಪರ್‌ವೈಸರ್‌ಗಳ ಬ್ಯಾಚುಗಳಲ್ಲಿ ಆ ಇಳಿತ ಕಡಿಮೆ. ಯಾರಿಗೆ ಕಷ್ಟವಾಗುತ್ತಿದೆ ಎಂದು ಗ್ರಹಿಸಿ ಅವರು ಕೆಲಸ ಅದಲುಬದಲು ಮಾಡುತ್ತಿದ್ದರು. ಗಂಟೆಗೊಮ್ಮೆ ಪೀಸಿನ ಲೆಕ್ಕ ಬರೆಯುವ ಬೋರ್ಡಿನ ಮೇಲೆ ಶೆಡ್ಡಿನ ಉಷ್ಣಾಂಶವನ್ನೂ ತೇವಾಂಶವನ್ನೂ ಬರೆಯುವ ಪದ್ಧತಿ ಬಂದರೆ ಇಂಥ ಗ್ರಹಿಕೆ ಎಲ್ಲರಿಗೂ ಸುಲಭವಾದೀತು.

ಹೆಚ್ಚಿದ ಉತ್ಪಾದನೆಯ ಫಲ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯದ ಹೊಂದಾಣಿಕೆ ಮುಂತಾದ ಕೌಶಲಗಳ ತರಬೇತಿ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ, ತರಬೇತಿ ಪಡೆದವರ ಉತ್ಪಾದಕತೆ ಇತರರಿಗಿಂತ ಶೇ. 13.5 ಹೆಚ್ಚಿತು. ಸಂಬಳ ಹೆಚ್ಚಿದ್ದು ಶೇ. 0.5 ಮಾತ್ರ. ವೇತನದ ಮಾತುಕತೆಗೆ ಕೂತಾಗಲೆಲ್ಲ ಕಾರ್ಮಿಕ ಸಂಘಗಳು ಈ ಎರಡು ಅಂಕಿಗಳನ್ನು ಮಾಲೀಕರ ಮುಂದಿಡಬೇಕು.