ಮೊಟ್ಟೆಯಲ್ಲ ಸ್ವಾಮಿ, ದೀರ್ಘವೃತ್ತ!

ರಾಜ್ಯೋತ್ಸವದ ವೇದಿಕೆಗೆ ದೀರ್ಘವೃತ್ತಾಕಾರದ ಬೋರ್ಡು ಮಾಡೋಣ ಅಂತ ನಮ್ಮ ಸಂಘದಲ್ಲಿ ತೀರ್ಮಾನವಾಯ್ತು. ಅಳತೆ 1000 × 800 ಮಿ.ಮೀ. ಚಂದಾ ದುಡ್ಡಿಗೆ ಬಂದದ್ದು ಒಂದೇ ಪ್ಲೈವುಡ್ ಶೀಟು, ಕೆಟ್ಟರೆ ಇನ್ನೊಂದಿಲ್ಲ. ಫಸ್ಟ್ ಇಯರ್ ಡ್ರಾಯಿಂಗ್‌ನಲ್ಲಿ ದೀರ್ಘವೃತ್ತ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಆದ್ರೆ ಶೀಟಿನ ಮುಂದೆ ನಿಂತಾಗ ಕೈ ನಡುಗಿತು.

ಮೊದಲು ಮೊಳೆ-ದಾರದ ವಿಧಾನ ಹಿಡಿದೆವು. ಅರ್ಧ ಉದ್ದ 500, ಅರ್ಧ ಅಗಲ 400. 500ರ ವರ್ಗದಲ್ಲಿ 400ರ ವರ್ಗ ಕಳೆದು ವರ್ಗಮೂಲ ತೆಗೆದರೆ 300. ಅಂದ್ರೆ ಉದ್ದದ ಗೆರೆಯ ಮೇಲೆ, ನಡುಬಿಂದುವಿನಿಂದ ಆಚೀಚೆ 300 ಮಿ.ಮೀ. ದೂರದಲ್ಲಿ ಒಂದೊಂದು ಮೊಳೆ. ಇವೇ ನಾಭಿಗಳು. ಮೊಳೆಗಳಿಗೆ ಕಟ್ಟಿದ ಮೇಲೆ ನಡುವಿನ ದಾರ ಸರಿಯಾಗಿ 1000 ಮಿ.ಮೀ. ಇರಬೇಕು. ದಾರವನ್ನು ಬಿಗಿಯಾಗಿಟ್ಟು ಪೆನ್ಸಿಲ್ ಓಡಿಸಿದರೆ ಆಯ್ತು.

ಆಗಲಿಲ್ಲ! ಹತ್ತಿ ದಾರ ಎಳೆದಂತೆಲ್ಲ ಹಿಗ್ಗಿತು. ಗೆರೆ ಹೊರಟ ಜಾಗಕ್ಕೆ ವಾಪಸ್ ಬರಲೇ ಇಲ್ಲ. ಲೆಕ್ಕ ಹಾಕಿದರೆ, ದಾರ 10 ಮಿ.ಮೀ. ಹಿಗ್ಗಿದರೆ ಉದ್ದ 10 ಮಿ.ಮೀ., ಅಗಲ ಸುಮಾರು 12 ಮಿ.ಮೀ. ಹೆಚ್ಚುತ್ತೆ. ಪುಣ್ಯಕ್ಕೆ ಅದಿನ್ನೂ ಪೆನ್ಸಿಲ್ ಗೆರೆ.

ಆಮೇಲೆ ಹಿಗ್ಗದ ಉಪಾಯ: ಮರದ ಪಟ್ಟಿ. ಪಟ್ಟಿಯ ತುದಿಯಲ್ಲಿ ಪೆನ್ಸಿಲ್, ಅಲ್ಲಿಂದ 400ಕ್ಕೆ ಒಂದು ಗುರುತು, 500ಕ್ಕೆ ಇನ್ನೊಂದು. 400ರ ಗುರುತು ಸದಾ ಉದ್ದದ ಗೆರೆಯ ಮೇಲೆ, 500ರದ್ದು ಸದಾ ಅಗಲದ ಗೆರೆಯ ಮೇಲೆ ಇರುವಂತೆ ಪಟ್ಟಿ ಸರಿಸುತ್ತಾ ಚುಕ್ಕೆ ಇಡುತ್ತಾ ಹೋಗಿ. ಚುಕ್ಕೆ ಸೇರಿಸಿದರೆ ದೀರ್ಘವೃತ್ತ. ಗುರುತುಗಳ ಜಾಗದಲ್ಲಿ ಪಿನ್ನು, ಗೆರೆಗಳ ಜಾಗದಲ್ಲಿ ಗಾಡಿ ಕೊರೆದರೆ ಅದೇ ಟ್ರ್ಯಾಮಲ್.

ಇನ್ನು ಕತ್ತರಿಸೋದು. ಸಾಮಾನ್ಯ ಜಿಗ್‌ಸಾ ಬ್ಲೇಡು ಮೇಲಕ್ಕೆ ಬರುವಾಗ ಕೊಯ್ಯುತ್ತೆ, ಹಾಗಾಗಿ ಮೇಲ್ಮುಖದಲ್ಲೇ ಚೂರು ಏಳುತ್ತೆ. ಅದಕ್ಕೇ ಗೆರೆಯನ್ನು ಶೀಟಿನ ಹಿಂಬದಿಗೆ ಹಾಕಿದೆವು. ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ದು, ಉಳಿದದ್ದನ್ನು ಸ್ಯಾಂಡ್‌ಪೇಪರಿನಲ್ಲಿ ಗೆರೆವರೆಗೆ ಉಜ್ಜಿದೆವು.

ಟ್ರ್ಯಾಮಲ್‌ಗೆ ರೌಟರ್ ಕಟ್ಟುವವರಿಗೆ ಒಂದು ಮಾತು. 6 ಮಿ.ಮೀ. ಬಿಟ್ಟಿನ ನಡುಭಾಗ ಗೆರೆ ಮೇಲೆ ಹೋದರೆ ಹಲಗೆಯ ಅಂಚು 3 ಮಿ.ಮೀ. ಒಳಗೆ ಬರುತ್ತೆ. ದೀರ್ಘವೃತ್ತಕ್ಕೆ ಸಮದೂರದಲ್ಲಿ ಎಳೆದ ಗೆರೆ ದೀರ್ಘವೃತ್ತವಲ್ಲ! ಬೋರ್ಡಿಗೆ ಅದು ಕಣ್ಣಿಗೆ ಕಾಣದು. ತೂತಿಗೆ ಮುಚ್ಚಳ ಕೂರಿಸುವಾಗ ಮಾತ್ರ ತೊಂದರೆ ಕೊಡುತ್ತೆ.

ಬೋರ್ಡು ವೇದಿಕೆ ಏರಿತು. ನೀವೂ ಮಾಡೋದಾದ್ರೆ ಮೊದಲು ರಟ್ಟಿನ ಮೇಲೆ ಬರೆದು ನೋಡಿ. ಮತ್ತೆ, ದಾರ ನಂಬಬೇಡಿ.