ಬಿದ್ದ ಕನ್ನಡಕ ಎತ್ತಿಕೊಡುವ ರೋಬೋ

ಎಂಬತ್ತರ ಆಸುಪಾಸಿನ ಅತ್ತೆಯೋ ಅಮ್ಮನೋ ಮನೆಯಲ್ಲಿದ್ದರೆ ನಿಮಗೆ ಗೊತ್ತೇ ಇರುತ್ತದೆ, ಅವರನ್ನು ಕಾಡುವುದು ದೊಡ್ಡ ಕೆಲಸಗಳಲ್ಲ. ಕೈಜಾರಿದ ಕನ್ನಡಕ, ಮಂಚದಡಿ ಉರುಳಿದ ಮಾತ್ರೆ ಡಬ್ಬಿ, ನೆಲಕ್ಕೆ ಬಿದ್ದ ಟವೆಲ್ಲು. ಬಗ್ಗಿ ಎತ್ತಿಕೊಳ್ಳಲು ಹೋದರೆ ತಲೆಸುತ್ತು. ಬಿದ್ದರಂತೂ ಸೊಂಟದ ಮೂಳೆಯ ಚಿಂತೆ!

ಈ ಸಣ್ಣ ಕಷ್ಟವನ್ನೇ ಮುಂದಿಟ್ಟುಕೊಂಡು ರೋಬೋ ಮಾಡಿದವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದವರು ಐರೋಪ್ಯ ಒಕ್ಕೂಟದ ನೆರವಿನಿಂದ 2011ರಲ್ಲಿ ಶುರುಮಾಡಿದ ಯೋಜನೆಯ ಹೆಸರು ‘ಹಾಬಿಟ್’. ಒಂಟಿಯಾಗಿರುವ ಹಿರಿಯರು ಬೀಳದಂತೆ ನೋಡಿಕೊಳ್ಳುವುದು, ಬಿದ್ದರೆ ಸಹಾಯಕ್ಕೆ ಕರೆ ಮಾಡುವುದು ಅದರ ಕೆಲಸ. ನೆಲದ ಮೇಲಿನ ವಸ್ತು ಎತ್ತಿಕೊಡಲು ಒಂದೇ ಕೈ. ಕೂಗಿದರೂ ಬರುತ್ತದೆ, ಪರದೆ ಮುಟ್ಟಿದರೂ ಆಯಿತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಹಿರಿಯರು ಅದಕ್ಕೇನಾದರೂ ಸಹಾಯ ಮಾಡಿದರೆ ಹಾಬಿಟ್ ಥ್ಯಾಂಕ್ಸ್ ಹೇಳಿ, ಪ್ರತಿಯಾಗಿ ನಾನೇನು ಮಾಡಲಿ ಎಂದು ಕೇಳುವಂತೆ ರೂಪಿಸಿದ್ದರು. ಬರೀ ಮಾಡಿಸಿಕೊಳ್ಳುತ್ತಲೇ ಕೂರುವುದು ಯಾರಿಗೆ ತಾನೇ ಇಷ್ಟ? ಅವರೆಕಾಳು ಬಿಡಿಸಲು ಕೊಟ್ಟ ದಿನ ಮನೆಯ ಹಿರಿಯರ ಮುಖ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಆಸ್ಟ್ರಿಯಾ, ಗ್ರೀಸ್, ಸ್ವೀಡನ್ನಿನ 18 ಮನೆಗಳಲ್ಲಿ ತಲಾ 21 ದಿನ ಇಟ್ಟು ನೋಡಿದರು. ಲ್ಯಾಬಿನಲ್ಲಿ ಜಾಣನಾಗಿದ್ದ ಹಾಬಿಟ್‌ಗೆ ನಿಜವಾದ ಮನೆಯ ಹೊಸಿಲು, ದಪ್ಪ ಕಾರ್ಪೆಟ್, ಕಿರಿದಾದ ಜಾಗಗಳೇ ತಲೆನೋವಾದವು. ಆಗಾಗ ಕೆಟ್ಟು ನಿಂತದ್ದೂ ಉಂಟು. ಹಾಗಾಗಿ ಅಂಗಡಿಯಲ್ಲಿ ಹುಡುಕಲು ಹೋಗಬೇಡಿ, ಅದು ಪ್ರಯೋಗದ ರೋಬೋ.

ಹಿರಿಯರಿಗೆ ಏನು ಬೇಕು ಅಂತ ಅವರನ್ನೇ ಕೇಳಿದವರು ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು. 65ರಿಂದ 93 ವರ್ಷದ 21 ಮಂದಿ ಹೇಳಿದ್ದೇನು ಗೊತ್ತೇ? ಕಸ ಗುಡಿಸಲಿ, ಕಳೆದದ್ದು ಹುಡುಕಿಕೊಡಲಿ, ಮಾತ್ರೆ ಹೊತ್ತಿಗೆ ನೆನಪಿಸಲಿ. ಆದರೆ ಸ್ನಾನ, ಬಟ್ಟೆ ಉಡಿಸುವುದು, ಊಟ ಮಾಡಿಸುವುದಕ್ಕೆ ಮನುಷ್ಯರೇ ಇರಲಿ. ಯಾವ ಮಾತ್ರೆ ತಗೋಬೇಕು ಅನ್ನೋದನ್ನು ಮಾತ್ರ ಯಂತ್ರ ತೀರ್ಮಾನಿಸುವುದು ಬೇಡ.

ಸ್ನಾನ ಮಾಡಿಸುವ ಕೈ ಬಹುಪಾಲು ಮನೆಗಳಲ್ಲಿ ನಿಮ್ಮದೇ ಅಲ್ಲವೇ? ಗುಡಿಸಿ ಒರೆಸುವ ಕೆಲಸ ಯಂತ್ರಕ್ಕೆ ಹೋದರೆ ಆ ಹೊತ್ತಿಗೆ ನಿಮ್ಮ ಸೊಂಟಕ್ಕೆ ಒಂದಿಷ್ಟು ತ್ರಾಣ ಉಳಿದಿರುತ್ತದೆ. ಗುಡಿಸುವ ರೋಬೋ ಈಗ ನಮ್ಮಲ್ಲೂ ಸಿಗುತ್ತದೆ. ಆದರೆ ಚಪ್ಪಟೆಯಾಗಿ ಕಾಲಡಿ ಓಡಾಡುವ ಅದನ್ನು ಎಡವುವ ಭಯವಿದೆ, ಹಿರಿಯರು ಕುಳಿತಿರುವಾಗ, ಮಲಗಿರುವಾಗ ಮಾತ್ರ ಓಡಿಸಿ.

ಯಾವುದೇ ಯಂತ್ರ ಕೊಳ್ಳುವ ಮೊದಲು ಒಂದು ವಾರ ಗಮನಿಸಿ. ದಿನಕ್ಕೆ ಎಷ್ಟು ಸಲ ಬಗ್ಗುತ್ತಾರೆ, ರಾತ್ರಿ ಬಚ್ಚಲಿಗೆ ಹೋಗುವಾಗ ಎಲ್ಲಿ ಗೋಡೆ ಹಿಡಿಯುತ್ತಾರೆ, ಯಾವುದಕ್ಕೆ ನಿಮ್ಮನ್ನು ಕರೆಯಲು ಸಂಕೋಚಪಡುತ್ತಾರೆ? ಅವರನ್ನೇ ಕೇಳಿ ಬರೆದಿಡಿ. ಅರ್ಧ ಸಮಸ್ಯೆಗೆ ಉದ್ದ ಹಿಡಿಯ ಇಕ್ಕಳ, ಕನ್ನಡಕಕ್ಕೊಂದು ದಾರ, ಬಚ್ಚಲಲ್ಲೊಂದು ಹಿಡಿಕೆ ಸಾಕಾದೀತು. ಹೊಸಿಲ ಬಳಿಯ ಕಾಲೊರಸು ಜಾರುತ್ತದೆಯೇ ಅಂತ ಇವತ್ತೇ ನೋಡಿಬಿಡಿ.