ಹೊಸ ಗಣಕಯಂತ್ರವೂ ಕರೆಯದೆ ಬಂದ ತಂತ್ರಾಂಶಗಳೂ

ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ



ಸಂಘದ ಪದಾಧಿಕಾರಿಗಳು ನಮ್ಮನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ವಿಷಯವನ್ನು ನಮ್ಮ ಆಯ್ಕೆಗೇ ಬಿಟ್ಟಿದ್ದರು. ಸಾಹಿತ್ಯ, ಸಂಗೀತ, ವೇದಾಂತಗಳನ್ನು ಕುರಿತು ವಿದ್ವಾಂಸರು ಮಾತನಾಡಿದ ಈ ವೇದಿಕೆಯಲ್ಲಿ ಗಣಕಯಂತ್ರದ ಕಸ ಗುಡಿಸುವ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ನಿವೇದಿಸಿಕೊಂಡು ಮುಂದುವರಿಯುತ್ತೇವೆ.

ನಮ್ಮ ಪರಿಚಯದ ಒಂದು ಮನೆಗೆ ಧಾರವಾಡದಿಂದ ಹಿರಿಯರೊಬ್ಬರು ಆರು ತಿಂಗಳ ಮಟ್ಟಿಗೆ ಬಂದಿದ್ದರು. ನಿವೃತ್ತ ಅಧ್ಯಾಪಕರು. ಬೆಳಗಿನ ಚಹಾದೊಡನೆ ಊರಿನ ಪತ್ರಿಕೆಗಳನ್ನು ಓದಲೆಂದು ಮಗ ಅವರಿಗಾಗಿಯೇ ಥ್ಯಾಂಕ್ಸ್‌ಗಿವಿಂಗ್ ರಿಯಾಯಿತಿಯಲ್ಲಿ ಹೊಸ ಲ್ಯಾಪ್‌ಟಾಪ್ ಒಂದನ್ನು ಕೊಂಡು ತಂದರು. ತಿಂಗಳು ತುಂಬುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಎಚ್ಚರಿಕೆಯೊಂದು ಕಾಣಿಸಿಕೊಳ್ಳತೊಡಗಿತು: ರಕ್ಷಣೆಯ ಅವಧಿ ಮುಗಿಯಿತು, ನಿಮ್ಮ ಯಂತ್ರ ಅಪಾಯದಲ್ಲಿದೆ, ಕೂಡಲೇ ನವೀಕರಿಸಿರಿ. ಅದು ಯಂತ್ರದೊಡನೆ ಬಂದಿದ್ದ ವೈರಸ್ ನಿರೋಧಕ ತಂತ್ರಾಂಶದ ಜಾಹೀರಾತು. ಮಗ ಕಚೇರಿಯಲ್ಲಿದ್ದರು. ಹಿರಿಯರು ಗಾಬರಿಯಾಗಿ, ಮನೆಯಲ್ಲಿದ್ದ ಕಾರ್ಡಿನ ಸಂಖ್ಯೆಯನ್ನು ಕೊಟ್ಟು ಒಂದು ವರ್ಷದ ಚಂದಾ ಕಟ್ಟಿದರು. ಅಲ್ಲಿಗೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ಎರಡು ತಿಂಗಳ ನಂತರ ಯಾವುದೋ ಪುಟವನ್ನು ತೆರೆದಾಗ ಅದೇ ಕೆಂಪು ಬಣ್ಣದ, ಅದೇ ಧಾಟಿಯ ಇನ್ನೊಂದು ಎಚ್ಚರಿಕೆ ಬಂದಿತು. ಈ ಸಲ ಅದರ ಕೆಳಗೆ ಒಂದು ದೂರವಾಣಿ ಸಂಖ್ಯೆಯೂ ಇತ್ತು. ಆ ಕಡೆಯಿಂದ ಮಾತನಾಡಿದವನು ಇವರನ್ನು ಹತ್ತಿರದ ಅಂಗಡಿಗೆ ಗಿಫ್ಟ್ ಕಾರ್ಡ್ ಕೊಳ್ಳಲು ಕಳುಹಿಸಿದ. ಅಂಗಡಿಯ ಗಲ್ಲಾದಲ್ಲಿದ್ದ ಹುಡುಗಿ, ಅಷ್ಟೊಂದು ಕಾರ್ಡುಗಳು ಯಾರಿಗಾಗಿ ಎಂದು ಕೇಳಿದ್ದರಿಂದ ಹಣ ಉಳಿಯಿತು. ಅಂದು ಸಂಜೆ ಅವರು ಮಗನೊಡನೆ ಆಡಿದ ಮಾತು ಹೀಗಿತ್ತು: "ಮಷೀನಿನ ಒಳಗಿಂದನ ಹೇಳಲಿಕ್ಕತ್ತಿತ್ತಪಾ, ಅದನ್ನ ಸುಳ್ಳು ಅಂತ ಹ್ಯಾಂಗ ತಿಳೀಬೇಕು?"

ಈ ಪ್ರಶ್ನೆಗೆ ಆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮೊದಲನೆಯ ಎಚ್ಚರಿಕೆ ಕಾನೂನುಬದ್ಧವಾದ ವ್ಯಾಪಾರ, ಎರಡನೆಯದು ಶುದ್ಧ ವಂಚನೆ. ಆದರೆ ಮೊದಲನೆಯದು ಅವರ ಕಣ್ಣನ್ನು ಎರಡನೆಯದಕ್ಕೆ ಪಳಗಿಸಿತ್ತು. ಬೇಡದ ತಂತ್ರಾಂಶಗಳಿಂದ ಯಂತ್ರ ನಿಧಾನವಾಗುತ್ತದೆ, ಜಾಗ ವ್ಯರ್ಥವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ನಮ್ಮ ಮಟ್ಟಿಗೆ ಅವುಗಳನ್ನು ತೆಗೆಯಬೇಕಾದ ಮೊದಲ ಕಾರಣ ಇದು: ಯಂತ್ರವು ವಿನಾಕಾರಣ ಕೂಗುವುದನ್ನು ನಿಲ್ಲಿಸಿದರೆ ಮಾತ್ರ ನಿಜವಾದ ಎಚ್ಚರಿಕೆಯನ್ನು ಗುರುತಿಸುವುದು ಸಾಧ್ಯ.

ಇವು ಯಂತ್ರದೊಳಗೆ ಬರುವುದಾದರೂ ಹೇಗೆ? ಗಣಕಯಂತ್ರಗಳ ಮಾರಾಟದಲ್ಲಿ, ವಿಶೇಷವಾಗಿ ಕಡಿಮೆ ಬೆಲೆಯವುಗಳಲ್ಲಿ, ತಯಾರಕರಿಗೆ ಉಳಿಯುವ ಲಾಭ ಅತ್ಯಲ್ಪ. ತಮ್ಮ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಸೇರಿಸಿ ಕೊಟ್ಟರೆ ಇಷ್ಟು, ಗ್ರಾಹಕನು ಚಂದಾದಾರನಾದರೆ ಇನ್ನಿಷ್ಟು ಎಂದು ತಂತ್ರಾಂಶದ ಕಂಪನಿಗಳು ತಯಾರಕರಿಗೆ ಹಣ ಕೊಡುತ್ತವೆ. ಅಂದರೆ ನಾವು ರಿಯಾಯಿತಿ ಎಂದು ಸಂತೋಷಪಡುವ ಮೊತ್ತದ ಒಂದು ಪಾಲನ್ನು ಇವು ತುಂಬಿಕೊಡುತ್ತವೆ. 2008ರಲ್ಲಿ ಸೋನಿ ಕಂಪನಿಯು ತನ್ನ ವಾಯೋ ಶ್ರೇಣಿಯ ಕೆಲವು ಲ್ಯಾಪ್‌ಟಾಪುಗಳನ್ನು ಇಂತಹ ತಂತ್ರಾಂಶಗಳಿಲ್ಲದೆ ಕೊಡಲು ಸುಮಾರು 50 ಡಾಲರ್ ಹೆಚ್ಚು ಕೇಳಿತ್ತು. ಟೀಕೆಗಳು ಬಂದೊಡನೆ ಆ ಶುಲ್ಕವನ್ನು ಕೈಬಿಟ್ಟಿತು. ಕಸ ತುಂಬಿದವರೇ ಕಸ ತೆಗೆಯಲು ಕೂಲಿ ಕೇಳಿದ ಈ ಪ್ರಸಂಗ ಈಗ ನಗೆ ತರಿಸುತ್ತದೆ.

ನಗಲಾಗದ ಪ್ರಸಂಗ ಇನ್ನೊಂದಿದೆ. 2014ರ ಉತ್ತರಾರ್ಧದಲ್ಲಿ ಲೆನೋವೊ ಕಂಪನಿಯು ಮನೆಬಳಕೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ತಂತ್ರಾಂಶವನ್ನು ಸೇರಿಸಿ ಮಾರಿತು. ನಾವು ನೋಡುವ ಪುಟಗಳ ನಡುವೆ ಜಾಹೀರಾತುಗಳನ್ನು ತುರುಕುವುದು ಅದರ ಕೆಲಸ. ಆದರೆ ಬ್ಯಾಂಕು ಮೊದಲಾದವುಗಳ ಪುಟಗಳು ಗೂಢಲಿಪಿಯಲ್ಲಿ ಬರುವುದರಿಂದ ನಡುವೆ ಕೈಹಾಕಲು ಅವಕಾಶವಿರುವುದಿಲ್ಲ. ಆ ಪುಟ ನಿಜವಾಗಿ ಬ್ಯಾಂಕಿನದೇ ಎಂಬುದಕ್ಕೆ ಒಂದು ಪ್ರಮಾಣಪತ್ರವಿರುತ್ತದೆ. ನಮ್ಮೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರಿನಂತೆ, ನಂಬಿಕೆಗೆ ಅರ್ಹವಾದ ಕೆಲವೇ ಸಂಸ್ಥೆಗಳು ಅದಕ್ಕೆ ಮುದ್ರೆಯೊತ್ತುತ್ತವೆ. ಸೂಪರ್‌ಫಿಶ್ ಮಾಡಿದ್ದೇನೆಂದರೆ, ತನ್ನದೇ ಒಂದು ಮೊಹರನ್ನು ಕೆತ್ತಿಸಿ, ಇದನ್ನೂ ನಂಬತಕ್ಕದ್ದು ಎಂದು ಯಂತ್ರದ ದಾಖಲೆಯಲ್ಲಿ ಸೇರಿಸಿಬಿಟ್ಟಿತು. ಮೇಲಾಗಿ ಎಲ್ಲ ಯಂತ್ರಗಳಲ್ಲಿಯೂ ಒಂದೇ ಮೊಹರು. ಅದರ ರಹಸ್ಯ ಕೀಲಿಯೂ ಪ್ರತಿಯೊಂದು ಯಂತ್ರದ ಒಳಗೇ ಇತ್ತು. 2015ರ ಫೆಬ್ರವರಿಯಲ್ಲಿ ವಿಷಯ ಬಯಲಾದಾಗ ತಜ್ಞರೊಬ್ಬರು ಆ ಕೀಲಿಯ ಗುಪ್ತಪದವನ್ನು ಕೆಲವೇ ಗಂಟೆಗಳಲ್ಲಿ ಕಂಡುಹಿಡಿದರು. ಆ ಕೀಲಿಯಿದ್ದ ಯಾರೇ ಆಗಲಿ, ವಿಮಾನನಿಲ್ದಾಣದ ಸಾರ್ವಜನಿಕ ವೈಫೈಯಲ್ಲಿ ಕುಳಿತು, ಅಂತಹ ಲ್ಯಾಪ್‌ಟಾಪಿನ ಒಡೆಯನಿಗೆ ನಕಲಿ ಬ್ಯಾಂಕಿನ ಪುಟವನ್ನು ಅಸಲಿಯೆಂದು ತೋರಿಸಬಹುದಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೂಪರ್‌ಫಿಶ್ ತಂತ್ರಾಂಶವನ್ನು ಪಟ್ಟಿಯಿಂದ ತೆಗೆದುಹಾಕಿದವರ ಯಂತ್ರದಲ್ಲಿಯೂ ಆ ಮೊಹರು ಹಾಗೆಯೇ ಉಳಿದಿತ್ತು. ಅದನ್ನು ಪ್ರತ್ಯೇಕವಾಗಿ ಕೀಳಬೇಕಾಯಿತು. ಅಮೆರಿಕದ ಗೃಹಭದ್ರತಾ ಇಲಾಖೆಯೇ ಅದನ್ನು ತೆಗೆಯುವಂತೆ ಸೂಚನೆ ಹೊರಡಿಸಿತು. 2017ರ ಸೆಪ್ಟೆಂಬರಿನಲ್ಲಿ ಲೆನೋವೊ ಕಂಪನಿಯು ಫೆಡರಲ್ ಟ್ರೇಡ್ ಕಮಿಷನ್ನಿನೊಡನೆಯೂ 32 ರಾಜ್ಯಗಳೊಡನೆಯೂ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ತೆರಲು ಒಪ್ಪಿತು. ಡೆಲ್ ಕಂಪನಿಯ ಯಂತ್ರಗಳಲ್ಲಿಯೂ 2015ರ ನವೆಂಬರಿನಲ್ಲಿ ಇದೇ ಜಾತಿಯ ಪ್ರಮಾಣಪತ್ರವೊಂದು ಪತ್ತೆಯಾಯಿತು. ಅದರಲ್ಲಿ ಜಾಹೀರಾತಿನ ದುರಾಸೆಯಿರಲಿಲ್ಲ. ಗ್ರಾಹಕ ಸೇವೆಯ ಅನುಕೂಲಕ್ಕೆಂದು ಸೇರಿಸಿದ್ದು. ಒಳ್ಳೆಯ ಉದ್ದೇಶದಿಂದ ಇಟ್ಟ ಬಾಗಿಲಾದರೂ ಕಳ್ಳನಿಗೆ ಬಾಗಿಲೇ.

ಇನ್ನು ಕೆಲಸದ ವಿಚಾರ. ನಮ್ಮ ತಾಯಂದಿರು ಅಕ್ಕಿಯನ್ನು ಮೊರಕ್ಕೆ ಹಾಕಿ ಕೇರುವಾಗ ಹೊಟ್ಟನ್ನು ಹಾರಿಸುತ್ತಿದ್ದರು, ಕಲ್ಲನ್ನು ಆರಿಸುತ್ತಿದ್ದರು, ನುಚ್ಚನ್ನು ಮಾತ್ರ ತೆಗೆದಿರಿಸುತ್ತಿದ್ದರು. ಹೊಸ ಯಂತ್ರದ ಪಟ್ಟಿಯ ಮುಂದೆ ಕುಳಿತಾಗಲೂ ಈ ವಿವೇಚನೆ ಬೇಕು. ವಿಂಡೋಸ್ 11 ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆಪ್ಸ್ ಎಂಬಲ್ಲಿಗೆ ಹೋದರೆ ಇಡೀ ಪಟ್ಟಿ ದೊರೆಯುತ್ತದೆ. ಹಳೆಯ ಕಂಟ್ರೋಲ್ ಪ್ಯಾನಲ್ಲಿನ ಪಟ್ಟಿಯಲ್ಲಿ ಪ್ರತಿಯೊಂದರ ತಯಾರಕರ ಹೆಸರೂ ಪ್ರತ್ಯೇಕ ಅಂಕಣದಲ್ಲಿ ಇರುವುದರಿಂದ ಅದನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ಏನನ್ನೂ ತೆಗೆಯುವ ಮುನ್ನ ಎರಡು ಕೆಲಸಗಳಾಗಬೇಕು: ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು, ಮತ್ತು ಬಿಟ್‌ಲಾಕರ್ ರಿಕವರಿ ಕೀ ಎಂಬ 48 ಅಂಕಿಗಳ ಸಂಖ್ಯೆಯನ್ನು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಕಾಗದಕ್ಕೆ ಇಳಿಸಿಕೊಳ್ಳುವುದು. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಪರಿವರ್ತಿತವಾಗಿರುತ್ತದೆ. ಮುಂದೆ ಏನಾದರೂ ಕೆಟ್ಟು ಯಂತ್ರವು ಆ ಸಂಖ್ಯೆಯನ್ನು ಕೇಳಿದಾಗ, ಅದು ಕೈಯಲ್ಲಿ ಇಲ್ಲದಿದ್ದರೆ ಮಕ್ಕಳ ಭಾವಚಿತ್ರಗಳೂ ಹೋದಂತೆಯೇ.

ಪ್ರಾಯೋಗಿಕ ಅವಧಿಯ ವೈರಸ್ ನಿರೋಧಕವನ್ನು ಮೊದಲು ತೆಗೆಯಬೇಕೆಂಬುದು ನಮ್ಮ ಅಭಿಪ್ರಾಯ. ಅದನ್ನು ತೆಗೆದರೆ ರಕ್ಷಣೆ ಹೋಗುವುದಿಲ್ಲವೇ ಎಂದು ಅನೇಕರು ಅಂಜುತ್ತಾರೆ. ವಿಂಡೋಸಿನೊಳಗೆ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ನಿರೋಧಕ ಉಚಿತವಾಗಿಯೇ ಇದೆ. ಹೊರಗಿನವನು ಕಾವಲಿಗೆ ಬಂದಾಗ ಅದು ಬದಿಗೆ ಸರಿಯುತ್ತದೆ. ಅವನು ಹೊರಟೊಡನೆ ಪುನಃ ಕಾವಲಿಗೆ ನಿಲ್ಲುತ್ತದೆ. ತೆಗೆದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿ, ವಿಂಡೋಸ್ ಸೆಕ್ಯುರಿಟಿ ಎಂಬಲ್ಲಿ ಹಸಿರು ಗುರುತು ಇದೆಯೇ ಎಂದು ನೋಡಿದರೆ ಸಾಕು. ಕೆಲವು ನಿರೋಧಕಗಳು ಬೇರು ಬಿಟ್ಟುಹೋಗುತ್ತವೆ. ಮೆಕಾಫಿ, ನಾರ್ಟನ್ ಮೊದಲಾದ ಕಂಪನಿಗಳು ಇದಕ್ಕೆಂದೇ ಪ್ರತ್ಯೇಕ ಸಾಧನವನ್ನು ಕೊಡುತ್ತವೆ. ಅದನ್ನು ಆಯಾ ಕಂಪನಿಯ ಸ್ವಂತ ತಾಣದಿಂದಲೇ ಪಡೆಯತಕ್ಕದ್ದು.

ಆಟಗಳು, ಅಂಗಡಿಗಳ ಕೊಂಡಿಗಳು, ಒಂದು ತಿಂಗಳು ಮಾತ್ರ ಉಚಿತವಾದ ಕಡತ ಸಂಗ್ರಹ ಸೇವೆ ಇವೆಲ್ಲ ಹೊಟ್ಟು; ನಿಸ್ಸಂಕೋಚವಾಗಿ ಹಾರಿಸಬಹುದು. ಸ್ಟಾರ್ಟ್ ಪಟ್ಟಿಯಲ್ಲಿ ಕಾಣುವ ಕೆಲವು ಚಿತ್ರಗಳು ಕೇವಲ ನಾಮಫಲಕಗಳು. ಒತ್ತಿದಾಗಲಷ್ಟೇ ತಂತ್ರಾಂಶ ಇಳಿಯುತ್ತದೆ. ಆದ್ದರಿಂದ ಕುತೂಹಲಕ್ಕೆಂದು ಒತ್ತದೆ, ಮೌಸಿನ ಬಲಗುಂಡಿಯಿಂದ ತೆಗೆದುಬಿಡುವುದು ಲೇಸು.

ತೆಗೆಯಬಾರದವು ಯಾವುವು? ಇಂಟೆಲ್, ಎಎಮ್‌ಡಿ, ರಿಯಲ್‌ಟೆಕ್ ಮೊದಲಾದ ಬಿಡಿಭಾಗ ತಯಾರಕರ ಹೆಸರಿರುವ ಚಾಲಕ ತಂತ್ರಾಂಶಗಳು, ವಿಷುಯಲ್ ಸಿ ಪ್ಲಸ್ ಪ್ಲಸ್ ಎಂದು ಆರಂಭವಾಗುವ ಸಾಲುಗಳು, ಸ್ಪರ್ಶಫಲಕ ಮತ್ತು ಕೀಲಿಮಣೆಗೆ ಸಂಬಂಧಿಸಿದವು. ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ಒಮ್ಮೆ ಉತ್ಸಾಹದ ಭರದಲ್ಲಿ, ಹೆಸರು ಅರ್ಥವಾಗದ ಒಂದನ್ನು ಕಿತ್ತೊಗೆದು, ಮರುಕ್ಷಣವೇ ಪರದೆಯ ಮೇಲಿನ ಬಾಣ ಸ್ತಬ್ಧವಾಗಿ, ರಾತ್ರಿ ಹನ್ನೊಂದು ಗಂಟೆಗೆ ನೆರೆಮನೆಯವರ ಬಾಗಿಲು ತಟ್ಟಿ ಮೌಸ್ ಎರವಲು ತಂದವರು ನಾವು. ಗುರುತು ಸಿಗದ ಹೆಸರನ್ನು ಅಂದಿನಿಂದ ಮುಟ್ಟುವುದಿಲ್ಲ.

ತಯಾರಕರ ಸಹಾಯಕ ತಂತ್ರಾಂಶಗಳು ನುಚ್ಚಿನ ವರ್ಗಕ್ಕೆ ಸೇರಿದವು. ಯಂತ್ರದ ಮೂಲ ತಂತ್ರಾಂಶವಾದ ಬಯಾಸನ್ನು ನವೀಕರಿಸಲು ಅವು ಉಪಯುಕ್ತ. ಆದರೆ 2016ರಲ್ಲಿ ಡ್ಯುಯೊ ಸೆಕ್ಯುರಿಟಿ ಸಂಸ್ಥೆಯು ಐದು ಪ್ರಸಿದ್ಧ ತಯಾರಕರ ಇಂತಹ ನವೀಕರಣ ಸಾಧನಗಳನ್ನು ಪರೀಕ್ಷಿಸಿದಾಗ ಐವರಲ್ಲಿಯೂ ಗಂಭೀರ ದೋಷಗಳು ಕಂಡುಬಂದಿದ್ದವು. 2018ರಲ್ಲಿ ಏಸಸ್ ಕಂಪನಿಯ ನವೀಕರಣ ಸಾಧನದ ಮೂಲಕವೇ ದುಷ್ಟರು ತಮ್ಮ ತಂತ್ರಾಂಶವನ್ನು ಹರಡಿದ್ದು ಮರುವರ್ಷ ಬೆಳಕಿಗೆ ಬಂದಿತು. ಹಾಗೆಂದು ನವೀಕರಣವನ್ನೇ ನಿಲ್ಲಿಸಿದರೆ ಅದು ಇನ್ನೂ ದೊಡ್ಡ ಅಪಾಯ. ನಾವು ಒಂದನ್ನು ಉಳಿಸಿಕೊಳ್ಳುತ್ತೇವೆ, ಜಾಹೀರಾತಿನ ಸೂಚನೆಗಳನ್ನು ಅದರ ಸೆಟ್ಟಿಂಗ್ಸಿನಲ್ಲಿ ಆರಿಸುತ್ತೇವೆ. ಯಂತ್ರದೊಡನೆ ತಾನೂ ಎದ್ದು ಕುಳಿತುಕೊಳ್ಳುವ ಉಳಿದವುಗಳನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸುತ್ತೇವೆ. ತೆಗೆಯದೆ ಮಲಗಿಸುವ ಈ ಉಪಾಯ ಅನೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ.

ವಿಂಡೋಸಿನ ಜೊತೆಯಲ್ಲಿ ಬರುವ ಎಡ್ಜ್ ಬ್ರೌಸರನ್ನು ತೆಗೆಯಬಹುದೇ ಎಂದು ಸಭೆಯಲ್ಲಿ ಪ್ರಶ್ನೆ ಬಂದಿತು. ಐರೋಪ್ಯ ಆರ್ಥಿಕ ವಲಯದ ರಾಷ್ಟ್ರಗಳಲ್ಲಿ, ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಫಲವಾಗಿ, 2024ರ ಮಾರ್ಚಿನಿಂದ ಅದಕ್ಕೆ ಅವಕಾಶವಿದೆ. ಜರ್ಮನಿಯಲ್ಲಿರುವ ನಮ್ಮ ಬಂಧುಗಳು ಭಾಗ್ಯವಂತರು. ನಾವು ಬೇರೆ ಬ್ರೌಸರನ್ನು ಮೊದಲ ಆಯ್ಕೆಯನ್ನಾಗಿ ಮಾಡಿಕೊಂಡು ತೃಪ್ತರಾಗಬೇಕು.

ಬುಡಸಮೇತ ಶುದ್ಧಿ ಬೇಕೆನ್ನುವವರಿಗೆ ಕಾರ್ಯವ್ಯವಸ್ಥೆಯನ್ನೇ ಹೊಸದಾಗಿ ಸ್ಥಾಪಿಸುವ ಮಾರ್ಗವಿದೆ. ರೀಸೆಟ್ ಎಂಬ ಗುಂಡಿಯನ್ನು ಒತ್ತಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ತಯಾರಕರು ಬಚ್ಚಿಟ್ಟ ಪ್ರತಿಯಿಂದ ಹಳೆಯ ಕಸವೇ ಮರಳಿ ಬರಬಹುದು. ಮೈಕ್ರೋಸಾಫ್ಟಿನ ತಾಣದಲ್ಲಿರುವ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿ ಇರುವ ಯುಎಸ್‌ಬಿ ಕಡ್ಡಿಗೆ ವಿಂಡೋಸನ್ನು ಇಳಿಸಿಕೊಂಡು, ಅದರಿಂದ ಸ್ಥಾಪಿಸಬೇಕು. ವಿಂಡೋಸನ್ನು ಪುನಃ ಕೊಳ್ಳಬೇಕಾಗಿಲ್ಲ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ವಿಂಡೋಸಿನೊಡನೆ ಮಾರಾಟವಾಗುವ ಯಂತ್ರಗಳಲ್ಲಿ ಪರವಾನಗಿಯ ಸಂಖ್ಯೆ ಸಾಮಾನ್ಯವಾಗಿ ಯಂತ್ರದ ಒಳಗೇ ಅಡಕವಾಗಿರುತ್ತದೆ. ಆದರೆ ಡಿಸ್ಕಿನಲ್ಲಿದ್ದ ಸಮಸ್ತವೂ ಅಳಿಸಿಹೋಗುತ್ತದೆ. ವೈಫೈ ಚಾಲಕವೂ ಹೋಗಿ, ಅದನ್ನು ಇಳಿಸಲು ಅಂತರಜಾಲವೇ ಇಲ್ಲದ ಪರಿಸ್ಥಿತಿ ಬರಬಹುದು. ಮುಂಚಿತವಾಗಿ ಅದನ್ನು ಇನ್ನೊಂದು ಕಡ್ಡಿಯಲ್ಲಿ ಇಟ್ಟುಕೊಳ್ಳಬೇಕು. ಯಂತ್ರ ಕೊಂಡ ಮೊದಲ ವಾರವೇ ಇದಕ್ಕೆ ಪ್ರಶಸ್ತ ಕಾಲ.

ಹೈಸ್ಕೂಲಿನಲ್ಲಿ ಓದುವ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಎಲ್ಲವನ್ನೂ ಒಂದೇ ಏಟಿಗೆ ಅಳಿಸುವ ಸ್ವಯಂಚಾಲಿತ ಆದೇಶಮಾಲೆಗಳು ಅಂತರಜಾಲದಲ್ಲಿ ಧಾರಾಳವಾಗಿವೆ. ಮಕ್ಕಳು ಅದನ್ನು ಹುಮ್ಮಸ್ಸಿನಿಂದ ಓಡಿಸುತ್ತಾರೆ; ನವೀಕರಣ ನಿಂತುಹೋದದ್ದು ತಿಂಗಳುಗಳ ನಂತರ ತಿಳಿಯುತ್ತದೆ. ರಿಜಿಸ್ಟ್ರಿ ಶುದ್ಧೀಕರಣ ಎಂಬ ಹೆಸರಿನಲ್ಲಿ ಬರುವವುಗಳನ್ನಂತೂ ಹತ್ತಿರ ಸೇರಿಸಬಾರದು.

ಕಸವೆಂದು ಭಾವಿಸಿ ಕನ್ನಡವನ್ನೇ ಕಿತ್ತೊಗೆದ ಘಟನೆಯನ್ನೂ ನಾವು ಕಂಡಿದ್ದೇವೆ. ಪಟ್ಟಿಯಲ್ಲಿ ಭಾಷೆಗಳಿಗೆ ಸಂಬಂಧಿಸಿದ ಸಾಲುಗಳಿದ್ದರೆ ಬಿಟ್ಟುಬಿಡಿ. ನಿರ್ಮಲಾ ಎಂಬ ಅಕ್ಷರಶೈಲಿ ವಿಂಡೋಸಿನೊಳಗೇ ಇರುವುದರಿಂದ ಓದಲು ತೊಂದರೆಯಿಲ್ಲ. ಹಳೆಯ ದಾಖಲೆಗಳಲ್ಲಿ ಬಳಸಿದ ತುಂಗಾ ಅಕ್ಷರಶೈಲಿ ಬೇಕಾದವರು ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಪೂರಕ ಅಕ್ಷರಶೈಲಿಯನ್ನು ಸೇರಿಸಿಕೊಳ್ಳಬೇಕು. ಭಾಷೆಗಳ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ, ಉಚ್ಚಾರಣೆಗೆ ಅನುಗುಣವಾದ ಫೊನೆಟಿಕ್ ಕೀಲಿಮಣೆಯನ್ನು ಆರಿಸಿಕೊಂಡರೆ ಬರೆಯಲೂ ಬರುತ್ತದೆ. ಧಾರವಾಡದ ಆ ಹಿರಿಯರ ಯಂತ್ರಕ್ಕೆ ಶುದ್ಧಿಯ ನಂತರ ನಾವು ಸೇರಿಸಿದ್ದು ಇದೊಂದನ್ನೇ.

ಮುಂದಿನ ತಿಂಗಳ ಸಭೆಯ ನಂತರ ಒಂದು ಗಂಟೆಯನ್ನು ಈ ಕೆಲಸಕ್ಕೆಂದೇ ಮೀಸಲಿಡಲು ಪದಾಧಿಕಾರಿಗಳು ಒಪ್ಪಿದ್ದಾರೆ. ಯಂತ್ರವನ್ನು ತರುವವರು ಅದರ ಚಾರ್ಜರನ್ನೂ, ಖಾಲಿ ಇರುವ ಎರಡು ಯುಎಸ್‌ಬಿ ಕಡ್ಡಿಗಳನ್ನೂ ತರಬೇಕೆಂದು ಕೋರುತ್ತೇವೆ. ರಿಕವರಿ ಕೀ ಬರೆದ ಚೀಟಿ ನಿಮ್ಮ ಜೇಬಿನಲ್ಲಿಯೇ ಇರಲಿ. ಅದನ್ನು ನಮ್ಮ ಕೈಗೂ ಕೊಡಬೇಡಿ.